ಅಮೂರ್ತ ಛಾಯಾಚಿತ್ರ: ಹಿರಿಯರ ನೆರಳು, ವಿದ್ಯಾರ್ಥಿಯ ಕಣ್ಣು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ – ವಿಜಯಪುರ ಜಿಲ್ಲೆಯ ಈ ನಾಲ್ಕೂ ಪೇಟೆಗಳಲ್ಲಿ ಫೋಟೊ ಎಂದರೆ ಮನುಷ್ಯರ ಮುಖ. ಮದುವೆ, ಕುಬಸ, ಜಾತ್ರೆ, ಶಾಲೆಯ ಬೀಳ್ಕೊಡುಗೆ. ನಮ್ಮ ಕುಟುಂಬಗಳಲ್ಲಾದರೆ ಇವುಗಳೊಡನೆ ಜ್ಞಾನಸ್ನಾನ, ಪ್ರಥಮ ಪರಮಪ್ರಸಾದ. ಸ್ಟುಡಿಯೋದ ಗಾಜಿನ ಹಿಂದೆ ತೂಗುಹಾಕಿದ ಪಟಗಳಲ್ಲಿ ಮುಖವಿಲ್ಲದ್ದು ದೊರೆಯುವುದು ಅಪರೂಪ. ಹೀಗಿರುವಲ್ಲಿ ಕಾಲೇಜಿಗೆ ಹೋಗುವ ಹುಡುಗನೊಬ್ಬ ಸುಣ್ಣ ಉದುರಿದ ಗೋಡೆಯ ಒಂದು ತುಂಡನ್ನು ಮೊಬೈಲಿನಲ್ಲಿ ಹಿಡಿದು ಮನೆಯಲ್ಲಿ ತೋರಿಸಿದರೆ, "ಏನ ತಮ್ಮಾ, ಗ್ವಾಡಿ ಫೋಟೊ ಯಾಕ ತಗದಿ? ಮನ್ಯಾಗ ಮಂದಿ ಇಲ್ಲೇನು?" ಎಂದು ಅಜ್ಜಿ ಕೇಳಿದರೆ ಆಶ್ಚರ್ಯವಿಲ್ಲ.

ಅಜ್ಜಿಯ ಆ ಪ್ರಶ್ನೆಯನ್ನು ನಗೆಯಲ್ಲಿ ತೇಲಿಸಿಬಿಡುವುದು ಸುಲಭ. ಆದರೆ ಅದರೊಳಗೆ ತೂಕವಾದ ಆಕ್ಷೇಪವೊಂದಿದೆ. ಮಳೆ ಕೈಕೊಟ್ಟ ವರ್ಷ ದುಡಿಮೆಗಾಗಿ ಗೋವೆಗೂ ಮುಂಬಯಿಗೂ ಗುಳೆ ಹೋಗುವ ಜನರಿರುವ ಸೀಮೆಯಲ್ಲಿ, ಮನುಷ್ಯನನ್ನು ಚೌಕಟ್ಟಿನಿಂದ ಹೊರಗಿಟ್ಟು ಬರಿಯ ಗೆರೆ, ಬೆಳಕು, ನೆರಳುಗಳನ್ನು ಹಿಡಿಯುವುದು ಯಾವ ನ್ಯಾಯ? ಇದರ ಬೆನ್ನಿಗೇ ವಿದ್ಯಾವಂತರ ಇನ್ನೊಂದು ಆಕ್ಷೇಪ ಬರುತ್ತದೆ: ಇದೆಲ್ಲ ಪರದೇಶದವರದನ್ನು ನೋಡಿ ಮಾಡಿದ ನಕಲಲ್ಲವೇ? ಈ ಎರಡು ಪ್ರಶ್ನೆಗಳನ್ನೂ ನೂರು ವರ್ಷಗಳಿಗೂ ಹಿಂದೆ ತನ್ನ ಕೆಲಸದಲ್ಲಿ ಎದುರಿಸಿದ ಒಬ್ಬ ವಿದ್ಯಾರ್ಥಿಯ ವೃತ್ತಾಂತವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಆ ವಿದ್ಯಾರ್ಥಿಯ ಹೆಸರು ಪಾಲ್ ಸ್ಟ್ರಾಂಡ್. 1890ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಜನನ. ಆತ ಓದಿದ ಎಥಿಕಲ್ ಕಲ್ಚರ್ ಶಾಲೆಯಲ್ಲಿ ಲೂಯಿಸ್ ಹೈನ್ ಎಂಬ ಶಿಕ್ಷಕರು ಛಾಯಾಗ್ರಹಣದ ತರಗತಿ ನಡೆಸುತ್ತಿದ್ದರು. ಹಡಗಿನಿಂದಿಳಿದು ಬರುವ ಬಡ ವಲಸಿಗರನ್ನು ಹೈನ್ ಚಿತ್ರಿಸಿದ್ದರು. ಮುಂದೆ ಗಿರಣಿ, ಗಣಿಗಳಲ್ಲಿ ದುಡಿಯುತ್ತಿದ್ದ ಎಳೆಯ ಮಕ್ಕಳ ಚಿತ್ರಗಳನ್ನು ತೆಗೆದು ಬಾಲಕಾರ್ಮಿಕ ಪದ್ಧತಿಯ ವಿರುದ್ಧದ ಹೋರಾಟಕ್ಕೆ ಸಾಕ್ಷ್ಯ ಒದಗಿಸಿದವರೂ ಅವರೇ. ಮನುಷ್ಯನ ಮುಖವೇ ಸರ್ವಸ್ವವೆಂದು ನಂಬಿದ ಈ ಗುರು 1907ರ ಸುಮಾರಿಗೆ ತಮ್ಮ ವಿದ್ಯಾರ್ಥಿಗಳನ್ನು ಫಿಫ್ತ್ ಅವೆನ್ಯೂ ಬೀದಿಯ 291ನೆಯ ಸಂಖ್ಯೆಯ ಪುಟ್ಟ ಪ್ರದರ್ಶನ ಶಾಲೆಗೆ ಕರೆದೊಯ್ದರು. ಅದನ್ನು ನಡೆಸುತ್ತಿದ್ದವರು ಆಲ್ಫ್ರೆಡ್ ಸ್ಟೀಗ್ಲಿಟ್ಸ್. ಛಾಯಾಚಿತ್ರವನ್ನು ಕಲೆಯೆಂದು ಒಪ್ಪಿಸಲು ಪಣತೊಟ್ಟವರು, ರೂಪವೇ ಪ್ರಧಾನವೆಂದವರು. ಹೀಗೆ ಹದಿನೇಳರ ಹುಡುಗನಿಗೆ ಒಂದೇ ದಾರಿಯಲ್ಲಿ ಇಬ್ಬರು ಗುರುಗಳು ದೊರೆತರು. ಇಬ್ಬರ ಬೋಧನೆಯೂ ಬೇರೆ ಬೇರೆ ದಿಕ್ಕಿನದು.

ಆರಂಭದಲ್ಲಿ ಸ್ಟ್ರಾಂಡ್ ಆ ಕಾಲದ ರೂಢಿಯಂತೆ ಮಂಜು ಕವಿದಂಥ ಮೆದು ಚಿತ್ರಗಳನ್ನು ತೆಗೆಯುತ್ತಿದ್ದರು. ಆ ಮಸೂರದಲ್ಲಿ ಹುಲ್ಲು, ನೀರು, ಮರದ ತೊಗಟೆ ಎಲ್ಲವೂ ಒಂದೇ ಬಗೆಯಾಗಿ ಕಾಣುತ್ತವೆ ಎಂದು ಸ್ಟೀಗ್ಲಿಟ್ಸ್ ತಿಳಿಹೇಳಿದರು. ಅದೇ ಪ್ರದರ್ಶನ ಶಾಲೆಯಲ್ಲಿ ಸೆಜಾನ್, ಪಿಕಾಸೊ, ಬ್ರಾಕ್ ಅವರ ಚಿತ್ರಗಳು ತೂಗಿದವು. ಮೇಜು, ಬಟ್ಟಲು, ಪಿಟೀಲುಗಳನ್ನು ಒಡೆದು ಮರುಜೋಡಿಸಿದ ಆ ಚಿತ್ರಗಳು ಯುವಕನಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಹಾಸ್ಯಮಾಡಿ ಕೈಬಿಡುವುದು ಒಂದು ದಾರಿ. ಮೆಚ್ಚಿದಂತೆ ನಟಿಸುವುದು ಇನ್ನೊಂದು. ಆತ ಇವೆರಡನ್ನೂ ಬಿಟ್ಟು, ತನ್ನ ಕೈಯಲ್ಲಿದ್ದ ಉಪಕರಣದಿಂದಲೇ ಅದನ್ನು ಮಾಡಿ ನೋಡಲು ಹೊರಟ.

1916ರ ಬೇಸಗೆ. ಕನೆಕ್ಟಿಕಟ್ ರಾಜ್ಯದ ಟ್ವಿನ್ ಲೇಕ್ಸ್ ಎಂಬಲ್ಲಿ ಒಂದು ಮನೆ. ಆತ ಆಯ್ದುಕೊಂಡ ವಸ್ತುಗಳನ್ನು ನೋಡಿರಿ: ಅಡುಗೆಮನೆಯ ನಾಲ್ಕು ಬಟ್ಟಲುಗಳು, ಕೆಲವು ಹಣ್ಣುಗಳು, ಒಂದು ಮೇಜು, ಪಡಸಾಲೆಯ ಕಟಾಂಜನ. ಬಟ್ಟಲುಗಳ ತೀರ ಹತ್ತಿರಕ್ಕೆ ಹೋಗಿ, ಅವು ಚೌಕಟ್ಟನ್ನು ತುಂಬುವಂತೆ ಮಾಡಿದ. ಈಗ ಅವು ಬಟ್ಟಲುಗಳಲ್ಲ, ಒಂದರೊಳಗೊಂದು ಬಾಗಿದ ಬಿಲ್ಲುಗಳು. ದುಂಡು ಮೇಜನ್ನು ಪಕ್ಕಕ್ಕೆ ಮಗುಚಿದ. ಕಟಾಂಜನದ ಸರಳುಗಳ ನಡುವಿನಿಂದ ಬಿದ್ದ ಬಿಸಿಲು ಅದರ ಮೇಲೆ ಪಟ್ಟೆಪಟ್ಟೆಯಾಗಿ ಹರಡಿತು. ತೆಗೆದ ಚಿತ್ರವನ್ನು ತಿರುಗಿಸಿಟ್ಟಾಗ ಮೇಲು ಯಾವುದು, ಕೆಳಗು ಯಾವುದು ಎಂಬುದೇ ಅಳಿಸಿಹೋಯಿತು. ಪ್ರಯೋಗ ಇಷ್ಟೇ. ಹೊಸದಾಗಿ ಕೊಂಡದ್ದೇನೂ ಇಲ್ಲ. ಬಣ್ಣವಿಲ್ಲ, ಕತ್ತಲೆಕೋಣೆಯ ಕೈಚಳಕವಿಲ್ಲ. ಛಾಯಾಗ್ರಹಣದ ಚರಿತ್ರೆಯಲ್ಲಿ ಬುದ್ಧಿಪೂರ್ವಕವಾಗಿ ರಚಿತವಾದ ಮೊಟ್ಟಮೊದಲ ಅಮೂರ್ತ ಚಿತ್ರಗಳ ಸಾಲಿನಲ್ಲಿ ಇವಕ್ಕೆ ಇಂದಿಗೂ ಸ್ಥಾನವಿದೆ. 1917ರ ಜೂನ್ ತಿಂಗಳಲ್ಲಿ ಸ್ಟೀಗ್ಲಿಟ್ಸ್ ತಮ್ಮ 'ಕ್ಯಾಮೆರಾ ವರ್ಕ್' ಪತ್ರಿಕೆಯ ಕೊನೆಯ ಸಂಚಿಕೆಯನ್ನು ಈ ಯುವಕನ ಚಿತ್ರಗಳಿಗೇ ಮೀಸಲಿಟ್ಟರು.

ಮುಂದೆ ನಡೆದದ್ದೇ ಹೆಚ್ಚು ಗಮನಾರ್ಹ. ಇಷ್ಟು ಹೆಸರು ತಂದ ದಾರಿಯಲ್ಲಿ ಸ್ಟ್ರಾಂಡ್ ಮುಂದುವರಿಯಲಿಲ್ಲ. ಶುದ್ಧ ಅಮೂರ್ತ ಚಿತ್ರಗಳನ್ನು ಆತ ಒಂದು ಪಾಠವೆಂದು ಕಂಡ. ಪಾಠ ಮುಗಿದೊಡನೆ ಅದನ್ನು ಹೊತ್ತುಕೊಂಡು ಬೀದಿಗಿಳಿದ. ಅದೇ 1916ರಲ್ಲಿ ತೆಗೆದ ಬಿಳಿಯ ಬೇಲಿಯ ಚಿತ್ರದಲ್ಲಿ ಬೇಲಿ ಬೇಲಿಯಾಗಿಯೇ ಇದೆ, ಆದರೆ ಅದರ ಹಲಗೆಗಳ ಲಯ ಬಟ್ಟಲುಗಳಿಂದ ಕಲಿತದ್ದು. ಅದೇ ವರ್ಷ ನ್ಯೂಯಾರ್ಕಿನ ಬೀದಿಯಲ್ಲಿ, 'ಕುರುಡಿ' ಎಂಬ ಬರಹದ ಫಲಕವನ್ನು ಕೊರಳಿಗೆ ತೂಗುಹಾಕಿಕೊಂಡು ನಿಂತ ಬಡ ಮಾರಾಟಗಾರ್ತಿಯ ಮುಖವನ್ನು ಸೆರೆಹಿಡಿದ. ಹೈನ್ ಅವರ ಕರುಣೆಯೂ ಸ್ಟೀಗ್ಲಿಟ್ಸ್ ಅವರ ಕಟ್ಟುನಿಟ್ಟೂ ಒಂದೇ ಚಿತ್ರದಲ್ಲಿ ಕೂಡಿದವು. (ಬೀದಿಯ ಜನರಿಗೆ ತಿಳಿಯದಿರಲೆಂದು ಆತ ಕ್ಯಾಮೆರಾಕ್ಕೆ ಸುಳ್ಳು ಮಸೂರವೊಂದನ್ನು ಜೋಡಿಸಿ, ಬೇರೆಡೆಗೆ ನೋಡುತ್ತಿರುವಂತೆ ನಟಿಸಿ ಚಿತ್ರ ತೆಗೆಯುತ್ತಿದ್ದ. ಕಣ್ಣಿಲ್ಲದವಳ ಮುಂದೆ ಆ ಉಪಾಯ ಇನ್ನಷ್ಟು ಇರಿಯುತ್ತದೆ. ಚಿತ್ರ ದೊಡ್ಡದೆಂಬ ಕಾರಣಕ್ಕೆ ಅದನ್ನು ತೆಗೆದ ಬಗೆಯೂ ಒಪ್ಪತಕ್ಕದ್ದೆಂದು ಹೇಳಲಾಗದು.)

ನಕಲಿನ ಪ್ರಶ್ನೆಗೆ ಇಲ್ಲಿಯೇ ಉತ್ತರವಿದೆ. ಸ್ಟ್ರಾಂಡ್ ಪಿಕಾಸೊನ ಪಿಟೀಲನ್ನು ಚಿತ್ರಿಸಲಿಲ್ಲ; ಚಿತ್ರ ಕಟ್ಟುವ ಕ್ರಮವನ್ನು ಮಾತ್ರ ಅವನಿಂದ ಎರವಲು ಪಡೆದು, ತಾನು ಇಳಿದುಕೊಂಡಿದ್ದ ಮನೆಯ ಬಟ್ಟಲುಗಳಿಗೆ ಅನ್ವಯಿಸಿದ. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ಮೊದಲು ನೀಲಕಂಠಬುವಾ ಅವರಲ್ಲಿ, ಬಳಿಕ ಜೈಪುರ ಘರಾಣೆಯ ಮಂಜೀಖಾನ್ ಮತ್ತು ಭುರ್ಜೀಖಾನರಲ್ಲಿ ಕಲಿತರು. ಗುರುವಿನ ತಾನನ್ನು ಶಿಷ್ಯ ತಿರುತಿರುಗಿ ಹಾಡುವುದನ್ನು ನಮ್ಮ ಸೀಮೆಯ ಯಾರೂ ಕಳವೆಂದು ಕರೆಯರು. ಇನ್ನೂ ಹತ್ತಿರದ ನಿದರ್ಶನ ಬೇಕೆಂದರೆ ಇಂಡಿ ಸೀಮೆಯ ಹಲಸಂಗಿಯಿದೆ. ಮಧುರಚೆನ್ನರ ಅಂತರಂಗವನ್ನು ತಿದ್ದಿದವರು ದೂರದ ಪಾಂಡಿಚೇರಿಯ ಅರವಿಂದರು. ಆದರೂ ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದದ್ದು 'ಗರತಿಯ ಹಾಡು', ತಮ್ಮೂರ ಬೀಸುವ ಕಲ್ಲಿನ ಮುಂದಿನ ದನಿ. ಹೊರಗಿನಿಂದ ಬಂದ ಬೆಳಕಿನಲ್ಲಿ ತನ್ನ ಅಂಗಳ ಕಾಣಿಸಿದರೆ ಅದು ನಕಲಲ್ಲ.

ಸ್ಟ್ರಾಂಡ್ ಒಬ್ಬರೇ ಇಂಥ ಪ್ರಯೋಗಗಳನ್ನು ಮಾಡಿದವರಲ್ಲ. ಸ್ಟೀಗ್ಲಿಟ್ಸ್ ಅವರೇ 1922ರಿಂದ ವರ್ಷಗಟ್ಟಲೆ ಮೋಡಗಳನ್ನು ಚಿತ್ರಿಸಿದರು. ನೆಲವಿಲ್ಲ, ದಿಗಂತವಿಲ್ಲ, ಬರಿಯ ಮೋಡ. ಲಂಡನ್ನಿನಲ್ಲಿ ಆಲ್ವಿನ್ ಲ್ಯಾಂಗ್ಡನ್ ಕೋಬರ್ನ್ 1917ರ ಸುಮಾರಿಗೆ ಮೂರು ಕನ್ನಡಿಗಳನ್ನು ತ್ರಿಕೋನವಾಗಿ ಕಟ್ಟಿ, ಅದರ ಮೂಲಕ ಹರಳು, ಮರದ ತುಂಡುಗಳನ್ನು ನೋಡಿ ಚಿತ್ರ ತೆಗೆದರು. ನಮ್ಮ ಜಾತ್ರೆಗಳಲ್ಲಿ ಮಕ್ಕಳಿಗೆ ಮಾರುವ ಬಳೆಚೂರಿನ ಬಣ್ಣದ ಕೊಳವೆಯ ತತ್ತ್ವವೇ ಅದು. ಕನ್ನಡಿಯ ಮಾತು ಬಂದಾಗ ನಮ್ಮವರೇ ಆದ ವಿ.ಕೆ. ಮೂರ್ತಿಯವರನ್ನು ಬಿಡಲಾಗದು. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಇವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತ ವಿದ್ಯಾರ್ಥಿ. ಗುರುದತ್ತರ 'ಕಾಗಜ್ ಕೆ ಫೂಲ್' (1959) ಚಿತ್ರದ ಹಾಡೊಂದರಲ್ಲಿ ಬರಿದಾದ ಸ್ಟುಡಿಯೋದೊಳಗೆ ಮೇಲಿನಿಂದ ಓರೆಯಾಗಿ ಇಳಿದುಬರುವ ಬೆಳಕಿನ ಕೋಲನ್ನು ಅವರು ನಿರ್ಮಿಸಿದ್ದು ದುಬಾರಿ ದೀಪಗಳಿಂದಲ್ಲ; ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ. ಆ ದೃಶ್ಯದಲ್ಲಿ ಪಾತ್ರಗಳಷ್ಟೇ ಆ ಬೆಳಕೂ ನೆನಪಿನಲ್ಲಿ ಉಳಿಯುತ್ತದೆ. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೂರ್ತಿಯವರು ಆ ಗೌರವಕ್ಕೆ ಪಾತ್ರರಾದ ಮೊದಲ ಛಾಯಾಗ್ರಾಹಕರು, 2014ರಲ್ಲಿ ನಿಧನರಾದರು.

ಭಾರತದ ಕಲಾವಿದೆ ನಸ್ರೀನ್ ಮೊಹಮದಿಯವರನ್ನೂ ನೆನೆಯಬೇಕು. 1972ರಿಂದ 1990ರಲ್ಲಿ ತೀರಿಕೊಳ್ಳುವವರೆಗೆ ಬರೋಡದ ಕಲಾಶಾಲೆಯಲ್ಲಿ ಬೋಧಿಸಿದ ಅವರು ಮಗ್ಗದ ಹಾಸುನೂಲು, ರಸ್ತೆಯ ಗೆರೆ, ಸಮುದ್ರದ ದಂಡೆಗಳನ್ನು ಚಿತ್ರಿಸಿದರು. ಆ ಛಾಯಾಚಿತ್ರಗಳನ್ನು ತಮ್ಮ ಜೀವಮಾನದಲ್ಲಿ ಅವರು ಪ್ರದರ್ಶಿಸಲೇ ಇಲ್ಲ. ಇಳಕಲ್ಲಿನ ಮಗ್ಗಗಳ ಸಪ್ಪಳ ಕೇಳಿ ಬೆಳೆದ ವಿದ್ಯಾರ್ಥಿಗೆ ಅವರ ಚಿತ್ರಗಳು ಪರಕೀಯವೆನಿಸಲಾರವು.

ಕ್ಯಾಮೆರಾ ಇಲ್ಲದೆಯೂ ಪ್ರಯೋಗ ಸಾಧ್ಯ. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ನೀಲಿ ಮುದ್ರಣ ವಿಧಾನವನ್ನು ಬಳಸಿ ಮರುವರ್ಷವೇ ಆ್ಯನಾ ಆಟ್ಕಿನ್ಸ್ ಎಂಬ ಇಂಗ್ಲೆಂಡಿನ ಮಹಿಳೆ ಕಡಲಪಾಚಿಗಳ ಚಿತ್ರಗಳನ್ನು ಪ್ರಕಟಿಸತೊಡಗಿದರು. ಎಂಜಿನಿಯರುಗಳ 'ಬ್ಲೂ ಪ್ರಿಂಟ್' ಇದರ ಸಂತತಿಯೇ. ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸೈನೈಡ್ ದ್ರಾವಣಗಳನ್ನು ಬೆರೆಸಿ, ಮಬ್ಬು ಬೆಳಕಿನಲ್ಲಿ ಕಾಗದಕ್ಕೆ ಬಳಿದು ಒಣಗಿಸಬೇಕು. ಮೇಲೆ ಬೇವಿನ ಎಸಳನ್ನೋ ಜೋಳದ ತೆನೆಯನ್ನೋ ಇಟ್ಟು ಬಿಸಿಲಿಗೊಡ್ಡಿ, ಆಮೇಲೆ ನೀರಿನಲ್ಲಿ ತೊಳೆದರಾಯಿತು. ಬಿಸಿಲು ಬಿದ್ದಲ್ಲಿ ಗಾಢ ನೀಲಿ, ನೆರಳಿದ್ದಲ್ಲಿ ಬಿಳಿ. ರಾಸಾಯನಿಕಗಳ ವಿಷಯವಾದ್ದರಿಂದ ವಿಜ್ಞಾನ ಶಿಕ್ಷಕರ ಮೇಲ್ವಿಚಾರಣೆ ಅಗತ್ಯ; ಆಮ್ಲದ ಹತ್ತಿರಕ್ಕೆ ಇವನ್ನು ತರಬಾರದು. ಬೇಕಾದ ಮುಖ್ಯ ಬಂಡವಾಳವೆಂದರೆ ಬಿಸಿಲು. ಅದಕ್ಕೆ ಸಿಂದಗಿಯಲ್ಲಿ ಬರವಿಲ್ಲ! ತೊಳೆಯುವ ನೀರಿನ ಮಾತು ಬೇರೆ.

ಇನ್ನು ಅಜ್ಜಿಯ ಪ್ರಶ್ನೆ. ನಮ್ಮ ನಾಲ್ಕು ಸೀಮೆಗಳಲ್ಲಿ ಅಮೂರ್ತ ಚಿತ್ರಕ್ಕೆ ವಸ್ತುವಿನ ಕೊರತೆಯಿಲ್ಲ. ಇಂಡಿಯ ಪೇಟೆಯಲ್ಲಿ ರಾಶಿ ಸುರಿದ ಲಿಂಬೆ, ಭೀಮೆಯ ದಂಡೆಯ ಮರಳಿನ ಮಡಿಕೆ, ತಾಳಿಕೋಟೆ ಕಡೆಯ ಪದರು ಪದರಾದ ಪರಸಿ ಕಲ್ಲು, ಬಾಗೇವಾಡಿಯ ಜೋಳದ ಕಣದ ಹೊಟ್ಟು – ಇವನ್ನು ಚಿತ್ರಿಸಿದರೆ ಯಾರ ಮನಸ್ಸೂ ನೋಯದು. ಆದರೆ ಈ ಸೀಮೆಗೆ ಬಂದವರ ಕಣ್ಣು ಮೊದಲು ಹೋಗುವುದು ಎರೆ ಹೊಲದ ಬಿರುಕುಗಳ ಕಡೆಗೆ. ಏಪ್ರಿಲ್‌ನಲ್ಲಿ ಡೋಣಿ ಸಾಲಿನ ಯಾವ ಹೊಲದಲ್ಲಿ ನಿಂತು ಕೆಳಗೆ ನೋಡಿದರೂ ಜೇಡರ ಬಲೆಯಂಥ, ಒಡೆದ ಗಾಜಿನಂಥ ಗೆರೆಗಳು. ದಿಗಂತವನ್ನು ಬಿಟ್ಟು ಚೌಕಟ್ಟು ಕಟ್ಟಿದರೆ ಸೊಗಸಾದ ಚಿತ್ರ. ಪತ್ರಿಕೆಗಳಲ್ಲಿ ಅದೇ ಚಿತ್ರಕ್ಕೆ 'ಬರ' ಎಂಬ ತಲೆಬರಹ ಬೀಳುತ್ತದೆ. ಕಲಾಪ್ರದರ್ಶನದಲ್ಲಿ 'ಸಂಯೋಜನೆ – 4' ಎಂದು.

ಎರಡೂ ಪೂರ್ಣ ಸತ್ಯವಲ್ಲ. ಎರೆಮಣ್ಣಿನ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಆದ್ದರಿಂದ ಒಳ್ಳೆಯ ಬೆಳೆ ಬಂದ ವರ್ಷದಲ್ಲಿಯೂ ಬೇಸಗೆಯಲ್ಲಿ ಅದು ಬಿರಿಯಲೇಬೇಕು. ಮೇಲಿನ ಪುಡಿಮಣ್ಣು ಆ ಬಿರುಕುಗಳಿಗೆ ಉದುರಿ, ಮೊದಲ ಮಳೆಯ ನೀರು ಅವುಗಳ ಮೂಲಕ ಆಳಕ್ಕಿಳಿದು, ಹೊಲ ತನ್ನನ್ನು ತಾನೇ ಮಗುಚಿಕೊಳ್ಳುತ್ತದೆ. ಅಂದರೆ ಬಿರುಕು ಕಂಡಲ್ಲೆಲ್ಲ ಬರವಿಲ್ಲ. ಹಾಗೆಂದು ಬರವೇ ಇಲ್ಲವೆಂದೂ ಅಲ್ಲ. 2023ರಲ್ಲಿ ರಾಜ್ಯದ ಬಹುತೇಕ ತಾಲೂಕುಗಳು ಬರಪೀಡಿತವೆಂದು ಘೋಷಿತವಾದವು. ಆ ವರ್ಷದ ಬಿರುಕಿಗೂ ಸುಗ್ಗಿಯ ವರ್ಷದ ಬಿರುಕಿಗೂ ಚಿತ್ರದಲ್ಲಿ ಭೇದ ಕಾಣದು. ಭೇದವನ್ನು ಹೇಳಬಲ್ಲವನು ಹೊಲದ ಒಡೆಯ. ಚೌಕಟ್ಟಿನಿಂದ ಹೊರಗುಳಿದವನೂ ಅವನೇ.

ಆಲಮಟ್ಟಿ ಜಲಾಶಯದ ಹಿನ್ನೀರು ಬೇಸಗೆಯಲ್ಲಿ ಹಿಂದೆ ಸರಿದಾಗ ದಂಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೆಸರಿನ ಗೆರೆಗಳು ಮೂಡುತ್ತವೆ. ಸ್ಟ್ರಾಂಡರ ಪಡಸಾಲೆಯ ನೆರಳಿಗೆ ಸರಿಸಾಟಿ. ಆದರೆ ಆ ನೀರಿನಡಿ ಹೊಲಗಳಿವೆ, ಕೊಲ್ಹಾರದಂಥ ಹಳೆಯ ಊರುಗಳ ಮನೆಗಳ ತಳಪಾಯಗಳಿವೆ. ಗೆರೆಯ ಅಂದವೂ ನಿಜ, ಮುಳುಗಿದ ಮನೆಯೂ ನಿಜ. ಚಿತ್ರ ತೆಗೆಯುವ ವಿದ್ಯಾರ್ಥಿಗೆ ಎರಡೂ ತಿಳಿದಿರಬೇಕೆಂಬುದು ನಮ್ಮ ಅಭಿಪ್ರಾಯ. ಹೆಸರಿಡದ ಚಿತ್ರ ಎಲ್ಲಿಯದೂ ಆಗಬಹುದು; ಎಲ್ಲಿಯದೂ ಆಗಬಹುದಾದದ್ದು ಕ್ರಮೇಣ ಯಾರದೂ ಅಲ್ಲದ್ದಾಗುತ್ತದೆ. ಆದ್ದರಿಂದ ಮೊಬೈಲಿನ ಜೊತೆಗೆ ಎರಡು ನೂರು ಪುಟದ ಒಂದು ನೋಟುಪುಸ್ತಕ ಇರಲಿ: ಊರು, ದಿನ, ಹೊತ್ತು, ಯಾರ ಹೊಲ, ಆ ವರ್ಷ ಏನು ಬಿತ್ತಿದ್ದರು, ಎಷ್ಟು ಬಂತು. ಇದನ್ನು ಬರೆಯಲು ಒಡೆಯನನ್ನು ಮಾತನಾಡಿಸಲೇಬೇಕಾಗುತ್ತದೆ. ಮಾತನಾಡಿಸಿದ ಮೇಲೆ ತೆಗೆದ ಚಿತ್ರ ಮೊದಲಿನದರಂತೆ ಇರುವುದಿಲ್ಲ.

ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆದವರೂ ಇದ್ದಾರೆ. ನ್ಯೂಯಾರ್ಕಿನ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಆರನ್ ಸಿಸ್ಕಿಂಡ್ 1930ರ ದಶಕದಲ್ಲಿ ಹಾರ್ಲೆಮ್ ಬಡಾವಣೆಯ ಕರಿಯ ಜನರ ಬದುಕನ್ನು ಚಿತ್ರಿಸಿದವರು. ಮುಂದಿನ ದಶಕದಲ್ಲಿ ಮುಖಗಳನ್ನು ಬಿಟ್ಟು ಬಣ್ಣ ಎದ್ದ ಗೋಡೆ, ಹರಿದ ಭಿತ್ತಿಪತ್ರಗಳಿಗೆ ತಿರುಗಿದರು. ಹಳೆಯ ಸಂಗಾತಿಗಳು ಮುನಿದರು. ಅವರ ಗೋಡೆಗಳನ್ನು ನೋಡುವಾಗ ಆ ಮುನಿಸು ಅತಿಯಾಯಿತೆನಿಸುತ್ತದೆ. ಮನುಷ್ಯ ಬಳಿದ, ಮನುಷ್ಯ ಹರಿದ ಗೋಡೆಗಳು ಅವು. ಆದರೂ ಎರಡರಲ್ಲಿ ಒಂದನ್ನು ಆಯ್ದುಕೊಳ್ಳಬೇಕಾದರೆ ಸ್ಟ್ರಾಂಡರ ಹಾದಿಯೇ ನಮ್ಮ ಸೀಮೆಯ ವಿದ್ಯಾರ್ಥಿಗೆ ಮೇಲು.

ಆ ಹಾದಿ ಮುಂದೆ ಒಂದು ದೇವಾಲಯದ ಹಿಂಗೋಡೆಗೂ ಬಂತು. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ರಾಂಚೋಸ್ ದೆ ತಾವೋಸ್ ಎಂಬಲ್ಲಿ ಅಸಿಸಿಯ ಸಂತ ಫ್ರಾನ್ಸಿಸರ ಹೆಸರಿನ ಮಣ್ಣಿನ ದೇವಾಲಯವಿದೆ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಹಸಿ ಇಟ್ಟಿಗೆಯಿಂದ ಕಟ್ಟಿದ್ದು. 1931ರಲ್ಲಿ ಸ್ಟ್ರಾಂಡ್ ಅದರ ಮುಂಬಾಗಿಲನ್ನೂ ಗಂಟೆಗೋಪುರಗಳನ್ನೂ ಬಿಟ್ಟು ಹಿಂಬದಿಯನ್ನು ಚಿತ್ರಿಸಿದರು: ಗೋಡೆಗೆ ಆನಿಸಿದ ದಪ್ಪ ಮಣ್ಣಿನ ಆಸರೆಗಳು, ಅವುಗಳ ಬಾಗು, ಅವುಗಳ ನೆರಳು. ಕಿಟಕಿಯಿಲ್ಲ, ಮನುಷ್ಯರಿಲ್ಲ. ಚಿತ್ರಕಲಾವಿದೆ ಜಾರ್ಜಿಯಾ ಓಕೀಫ್ ಅದನ್ನೇ ಅದಕ್ಕೂ ಮುನ್ನ ಬಣ್ಣದಲ್ಲಿ ಬರೆದಿದ್ದರು. ಮೇಲ್ನೋಟಕ್ಕೆ ಪೂರ್ತಿ ಅಮೂರ್ತ. ಆದರೆ ಆ ದುಂಡು ಅಂಚುಗಳು ಹೇಗೆ ಬಂದವು? ಧರ್ಮಕೇಂದ್ರದ ಭಕ್ತರು, ಗಂಡಸರು ಹೆಂಗಸರು ಮಕ್ಕಳೆನ್ನದೆ, ವರ್ಷ ವರ್ಷವೂ ಕೂಡಿ ಮಣ್ಣು ಹುಲ್ಲು ಕಲಸಿ ಕೈಯಿಂದ ಮೆತ್ತಿದ್ದರಿಂದ. ಚಿತ್ರದಲ್ಲಿ ಕಾಣದ ಆ ಕೈಗಳೇ ಚಿತ್ರದ ರೂಪ. 1967ರಲ್ಲಿ ಶ್ರಮ ಉಳಿಯಲೆಂದು ಸಿಮೆಂಟಿನ ಗಾರೆ ಮಾಡಿಸಲಾಯಿತು. ಗಾರೆಯೊಳಗೆ ಸೇರಿದ ನೀರು ಹೊರಬರಲಾರದೆ ಒಳಗಿನ ಹಸಿ ಇಟ್ಟಿಗೆ ಕರಗತೊಡಗಿತು. 1979ರಲ್ಲಿ ಸಿಮೆಂಟನ್ನು ಕಿತ್ತು ಜನ ಮತ್ತೆ ಮಣ್ಣಿಗೆ ಮರಳಿದರು.

ನಮ್ಮ ಹಳ್ಳಿಗಳಲ್ಲಿ ಉಳಿದಿರುವ ಮೇಲ್ಮುದ್ದೆಯ ಮನೆಗಳನ್ನು ಬಲ್ಲವರಿಗೆ ಈ ಕಥೆ ಹೊಸದಲ್ಲ. ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಮಣ್ಣು ಹಾಕಿ ತುಳಿಯುವುದು, ಗೋಡೆ ಸಾರಿಸುವುದು, ಸಾರಿಸಿದ ಕೈಯ ಬಿಲ್ಲುಬಿಲ್ಲಾದ ಗುರುತು ಒಣಗಿ ಉಳಿಯುವುದು. ಓರೆ ಬಿಸಿಲಿನಲ್ಲಿ ಹತ್ತಿರದಿಂದ ತೆಗೆದರೆ ಆ ಗುರುತುಗಳು ಯಾವ ಕಲಾವಿದನ ಗೆರೆಗೂ ಕಡಿಮೆಯಲ್ಲ. "ಗ್ವಾಡಿ ಫೋಟೊ ಯಾಕ ತಗದಿ?" ಎಂದು ಕೇಳಿದ ಅಜ್ಜಿಗೆ ಆಗ ಚಿತ್ರವನ್ನು ತೋರಿಸಿ, ಇದು ಯಾರ ಕೈ ಎಂದು ಕೇಳಬಹುದು, ಬಹುಶಃ ಆಕೆ ಗುರುತಿಸಿಯಾಳು.

ಸ್ಟ್ರಾಂಡ್ ಕೊನೆಯವರೆಗೂ ಊರೂರು ಅಲೆದು ಚಿತ್ರ ತೆಗೆದರು. ಇಟಲಿಯ ಲುಜ್ಜಾರಾ ಎಂಬ ಹಳ್ಳಿಯ ಕುರಿತ ಪುಸ್ತಕ 1955ರಲ್ಲಿಯೂ, ಬಹುಪಾಲು ಕಥೋಲಿಕರಿರುವ ಸ್ಕಾಟ್‌ಲೆಂಡಿನ ಸೌತ್ ಯೂಯಿಸ್ಟ್ ದ್ವೀಪದ ಕುರಿತದ್ದು 1962ರಲ್ಲಿಯೂ ಹೊರಬಂದವು. ಅವುಗಳಲ್ಲಿ ಗೋಡೆ, ಬಲೆ, ಕಲ್ಲು, ಬಾಗಿಲುಗಳ ಚಿತ್ರಗಳ ಪಕ್ಕದಲ್ಲಿಯೇ ಅಲ್ಲಿನ ಜನರ ಮುಖಗಳಿವೆ. 1976ರಲ್ಲಿ ಫ್ರಾನ್ಸಿನಲ್ಲಿ ಅವರು ತೀರಿಕೊಂಡರು.

ಪ್ರಯೋಗಕ್ಕೆ ತೊಡಗುವವರಿಗೆ ಎರಡು ವ್ಯಾವಹಾರಿಕ ಮಾತುಗಳು. ಒಂದು ತಿಂಗಳು ಒಂದೇ ವಸ್ತುವನ್ನು ಹಿಡಿಯಿರಿ. ನಾಲ್ಕು ಬಟ್ಟಲು ಸಾಕು. ಮೊಬೈಲು ತಾನಾಗಿ ಬಣ್ಣ ತಿದ್ದುವ ಸೌಲಭ್ಯವನ್ನು ಆರಿಸಿ, ಕಪ್ಪು-ಬಿಳುಪಿನಲ್ಲಿ, ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ ತೆಗೆಯಿರಿ. ನಡುಹಗಲಿನ ಬಿಸಿಲು ನಮ್ಮಲ್ಲಿ ನೆರಳನ್ನು ನುಂಗಿಬಿಡುತ್ತದೆ. ಮೇ ತಿಂಗಳ ಮೊದಲ ವಾರದಲ್ಲಿ ಮುದ್ದೇಬಿಹಾಳದಲ್ಲಿ ಸೂರ್ಯ ನೇರ ನೆತ್ತಿಯ ಮೇಲೆ ಬಂದು, ಹನ್ನೆರಡೂಕಾಲರಿಂದ ಹನ್ನೆರಡೂವರೆಯ ನಡುವೆ ನೆಟ್ಟ ಕಂಬದ ನೆರಳು ಕ್ಷಣಕಾಲ ಪೂರ್ತಿ ಮಾಯವಾಗುತ್ತದೆ. ಉತ್ತರಕ್ಕಿರುವ ಇಂಡಿಯಲ್ಲಿ ಇದು ಎರಡು ಮೂರು ದಿನಗಳ ತರುವಾಯ. ಆಗಸ್ಟ್ ಮೊದಲ ವಾರದಲ್ಲಿ ಸೂರ್ಯ ದಕ್ಷಿಣಕ್ಕೆ ಮರಳುವಾಗ ಇಂಡಿಯ ಸರದಿ ಮೊದಲು, ಮೋಡ ಅಡ್ಡಬಾರದಿದ್ದರೆ.